ಪಿಸುಗುಟ್ಟಲು ಬಾರದ ಕೈಗಳು

ನಮ್ಮ ದೊಡ್ಡಕ್ಕನಿಗೆ ಮನುಷ್ಯರ ಮನಸ್ಸು ಓದಲು ಮುಖ ಬೇಕಾಗಿರಲಿಲ್ಲ, ಬೆನ್ನು ಸಾಕಾಗುತ್ತಿತ್ತು. ಬೆನ್ನೂ ಬೇಡ, ಬಾಗಿಲ ಹತ್ತಿರ ಚಪ್ಪಲಿ ಕಳಚಿಟ್ಟ ರೀತಿ ನೋಡಿದರೆ ಸಾಕು, ಆ ಚಪ್ಪಲಿಯ ಮನೆಯಲ್ಲಿ ಬೆಳಿಗ್ಗೆ ಯಾರು ಯಾರ ಮೇಲೆ ರೇಗಿದರು, ಯಾರು ತಿಂಡಿ ಬಿಟ್ಟು ಎದ್ದು ಹೋದರು ಎಂದು ಹೇಳಿಬಿಡುತ್ತಿದ್ದಳು. ಹಾವನ್ನೂ ಮುಂಗುಸಿಯನ್ನೂ ಒಂದು ಚಾದರದ ಎರಡು ತುದಿಗೆ ನಿಲ್ಲಿಸಿದರೆ, ಮಧ್ಯಾಹ್ನದ ಹೊತ್ತಿಗೆ ಅವೆರಡೂ ಒಂದೇ ಡಬ್ಬಿಗೆ ಕೈಹಾಕಿ ಉಣ್ಣುವ ಹಾಗೆ ಮಾಡುತ್ತಿದ್ದಳು. ಹಾವಿಗೆ ಕೈ ಎಲ್ಲಿದೆ ಎಂದು ಕೇಳುವವರು ದೊಡ್ಡಕ್ಕನನ್ನು ನೋಡಿಲ್ಲ, ಅಷ್ಟೇ. ಅವಳ ಅಂದಾಜು ತಪ್ಪುವ ದಿನ ಸೂರ್ಯ ರಜೆ ಹಾಕುತ್ತಾನೆ ಎಂದು ನಾನು ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಷ್ಟೋ ಜನಕ್ಕೆ ಹೇಳಿದ್ದೇನೆ.

ಅವಳು ಲಾಂಡ್ರಿಯ ಮೇಲ್ವಿಚಾರಕಿ. ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಟೈರ್ ಅಂಗಡಿಯ ಹಿಂದಿನ ದೊಡ್ಡ ತಗಡಿನ ಶೆಡ್ಡು. ಊರಿನ ಹೋಟೆಲುಗಳ, ಆಸ್ಪತ್ರೆಗಳ, ಹಾಸ್ಟೆಲುಗಳ ಚಾದರ, ಟವೆಲು, ದಿಂಬಿನ ಕವರು ಎಲ್ಲ ನನ್ನ ವ್ಯಾನಿನಲ್ಲಿ ಗಂಟುಗಂಟಾಗಿ ಬಂದು ಅಲ್ಲಿ ಬೀಳುತ್ತವೆ. ಒಂದು ಕಡೆ ಒಗೆಯುವ ಡ್ರಮ್ಮುಗಳು, ಪಕ್ಕದಲ್ಲಿ ಹಿಂಡುವ ಯಂತ್ರ, ನಡುವೆ ಇಸ್ತ್ರಿ ಮಾಡುವ ಬಿಸಿ ರೋಲರು. ಮೂರೂ ಒಟ್ಟಿಗೆ ತಿರುಗಿದರೆ ಆಗುವ ಸದ್ದು ಎಂಥದೆಂದರೆ, ಒಂದು ಮಳೆಗಾಲದಲ್ಲಿ ಗುಡುಗೇ ಇಳಿದು ಬಂದು, ಸ್ವಲ್ಪ ಮೆತ್ತಗೆ ಮಾಡ್ರಪ್ಪ, ನನ್ನ ದನಿ ನನಗೇ ಕೇಳಿಸ್ತಿಲ್ಲ ಎಂದು ಹೇಳಿ ಹೋಯಿತು.

ಹೀಗಾಗಿ ಶೆಡ್ಡಿನೊಳಗೆ ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ಕೈಯಲ್ಲೇ ಎಲ್ಲ. ಇದನ್ನು ಯಾರೂ ಕಲಿಸಿದ್ದಲ್ಲ, ಗಿರಣಿಯಲ್ಲಿ ಹಿಟ್ಟು ಮೈಗೆ ಹತ್ತುವ ಹಾಗೆ ಹತ್ತಿಕೊಂಡದ್ದು. ಬೊಗಸೆ ಎತ್ತಿದರೆ ಚಹಾ ಬಂತು. ಮೀಸೆ ತಿರುವಿದರೆ ಮಾಲೀಕರು ಬಂದರು. ಎದೆಗೆ ಮುಷ್ಟಿ ಇಟ್ಟರೆ ಸಿಟ್ಟು, ಕೆನ್ನೆಯ ಮೇಲೆ ಬೆರಳು ಇಳಿಸಿದರೆ ಅಳು. ಹಿಂಡುವ ಯಂತ್ರದವನು ಒಮ್ಮೆ ತನ್ನ ಮಾವನ ಮನೆಯ ಆಸ್ತಿ ಜಗಳವನ್ನು ಪೂರ್ತಿ ಕೈಯಲ್ಲೇ ಹೇಳಿ ಮುಗಿಸಿದ. ಮುಗಿಯುವ ಹೊತ್ತಿಗೆ ಅವನ ಮೊಣಕೈ ಊದಿಕೊಂಡಿತ್ತು, ನಮಗೆ ಅವನ ಮಾವನ ಮೇಲೆ ಸಿಟ್ಟು ಬಂದಿತ್ತು.

ಈ ಗದ್ದಲದ ನಡುವೆ, ಮಗುಚಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ದೊಡ್ಡಕ್ಕ ನಿಲ್ಲುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು. ಆದರೂ ನಾನೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುವುದು. ಆ ಕ್ರೇಟಿನ ಕೆಳಗೆ ನಿಂತು ತಲೆ ಎತ್ತಿ ನೋಡಿದ ಯಾರಿಗೇ ಆಗಲಿ, ತಾನು ಶಾಲೆಯ ಶುಲ್ಕ ಕಟ್ಟದೆ ಬಂದಿದ್ದೇನೆ ಅನ್ನಿಸಿಬಿಡುತ್ತದೆ.

ಅವಳ ವಿದ್ಯೆ ಇದ್ದದ್ದು ಜೋಡಿ ಹಾಕುವುದರಲ್ಲಿ. ದೊಡ್ಡ ಚಾದರ ಒಬ್ಬರಿಂದ ಮಡಚಲು ಆಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ದೂರ ನಿಲ್ಲಬೇಕು, ಒಂದೇ ಬಾರಿಗೆ ಜಗ್ಗಬೇಕು, ಆಮೇಲೆ ಎದುರುಬದುರಾಗಿ ನಡೆದು ಬಂದು ಒಬ್ಬರ ಕೈಯ ಮೂಲೆಗಳನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಒಬ್ಬರು ಹೆಚ್ಚು ಎಳೆದರೆ ಇನ್ನೊಬ್ಬರು ಮುಗ್ಗರಿಸುತ್ತಾರೆ. ಒಬ್ಬರು ಸಡಿಲ ಬಿಟ್ಟರೆ ಚಾದರ ನೆಲ ಗುಡಿಸುತ್ತದೆ. ಮುಖ ನೋಡದೆ ಮಡಚುವ ಹಾಗಿಲ್ಲ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ದೊಡ್ಡಕ್ಕ ಬೆಳಿಗ್ಗೆಯೇ ಕಂಡುಹಿಡಿದು, ಅವರಿಬ್ಬರನ್ನೇ ಒಂದು ಚಾದರಕ್ಕೆ ಹಾಕುತ್ತಿದ್ದಳು. ಮೊದಲು ಅವರು ಚಾದರವನ್ನು ಹಗ್ಗಜಗ್ಗಾಟದ ಹಾಗೆ ಎಳೆಯುವರು. ಆಮೇಲೆ ತೋಳು ಸೋಲುವುದು. ಆಮೇಲೆ ಒಬ್ಬರು ನಗುವರು. ಚಾದರ ಜಗಳ ಸಹಿಸುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ.

ಮಾಲೀಕರು ಯಾವುದೋ ಸಭೆಗೆ ಹೋಗಿ ಬಂದವರು, ಜನರ ಮನಸ್ಸು ಅರಿತು ಕೆಲಸ ತೆಗೆಯುವುದಕ್ಕೆ ಭಾವನಾತ್ಮಕ ಬುದ್ಧಿವಂತಿಕೆ ಎನ್ನುತ್ತಾರಂತೆ, ಬೇರೆ ಕಡೆ ಅದಕ್ಕೆ ತರಬೇತಿ ಕೊಡುತ್ತಾರಂತೆ, ನಮ್ಮಲ್ಲಿ ಅದು ಕ್ರೇಟಿನ ಮೇಲೇ ನಿಂತಿದೆ ಎಂದು ಎಲ್ಲರ ಮುಂದೆ ಹೊಗಳಿದರು. ಅವಳು ಆ ದಿನವೆಲ್ಲ ಕ್ರೇಟಿನಿಂದ ಇಳಿಯಲೇ ಇಲ್ಲ. ಹೊಗಳಿಕೆ ಮೈಯೊಳಗೆ ಇಳಿಯಲು ಎತ್ತರ ಬೇಕು ನೋಡಿ.

ಇನ್ನು ಏಣಿಯ ವಿಷಯ. ಏಣಿ ಎಂದರೆ ಮಡಚುವವರಲ್ಲಿ ಎಲ್ಲರಿಗಿಂತ ಉದ್ದದ ಹೆಂಗಸು. ಅವಳು ಕೈ ಮೇಲೆತ್ತಿದರೆ ತೊಲೆಯ ಮೇಲಿನ ಪಾರಿವಾಳಗಳು ಸರಿದು ಜಾಗ ಕೊಡುತ್ತಿದ್ದವು. ಎಂಥ ದೊಡ್ಡ ಚಾದರವಾದರೂ ಅವಳ ಕೈಯಲ್ಲಿ ಕರವಸ್ತ್ರ. ಮಾತು ಕಡಿಮೆ, ಕೈಮಾತು ಅದಕ್ಕಿಂತ ಕಡಿಮೆ. ಅವಳ ಖಾಯಂ ಜೋಡಿ ಕುಳ್ಳಿ. ಹೆಸರೇ ಹೇಳುವ ಹಾಗೆ ಏಣಿಯ ಭುಜಕ್ಕೂ ಬಾರದವಳು, ಬಾಯಿ ಮಾತ್ರ ಇಬ್ಬರ ಪಾಲಿನದು. ಏಣಿಗೆ ಕೆಲಸ ಕಲಿಸಿದವಳು ದೊಡ್ಡಕ್ಕ. ಸ್ವಂತ ತಂಗಿಗಿಂತ ಹೆಚ್ಚು ಎಂದು ಅವಳೇ ಹೇಳುತ್ತಿದ್ದಳು. ಸ್ವಂತ ತಂಗಿ ಅದನ್ನು ಕೇಳಿ ಹಬ್ಬಕ್ಕೂ ಬರುವುದು ಬಿಟ್ಟಿದ್ದಳು ಅನ್ನುವುದು ಬೇರೆ ಮಾತು.

ಒಂದು ಸೋಮವಾರ ಬೆಳಿಗ್ಗೆ ಏಣಿ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಚಹಾದ ಹೊತ್ತಿಗೆ ಕುಳ್ಳಿಯ ಪಕ್ಕ ಕೂರದೆ ನೀರಿನ ಟ್ಯಾಂಕಿನ ಹತ್ತಿರ ಒಬ್ಬಳೇ ನಿಂತಳು. ದೊಡ್ಡಕ್ಕ ನೋಡಿದಳು. ಅವಳ ಜೀವ ತಡೆಯಲಿಲ್ಲ. ಯಂತ್ರಗಳು ಮತ್ತೆ ತಿರುಗತೊಡಗಿದ ಕೂಡಲೇ ಕ್ರೇಟಿನ ಮೇಲಿಂದ ಏಣಿಯ ಕಡೆಗೆ ಕೈ ಬೀಸಿ, ಹುಬ್ಬು ಕೂಡಿಸಿ, ಮುಖದಲ್ಲಿ ಇರುವಷ್ಟೂ ಕರುಣೆ ತುಂಬಿಕೊಂಡು, ಕೆನ್ನೆಯ ಮೇಲೆ ಬೆರಳು ಇಳಿಸಿ, ತಲೆಗೆ ಸೆರಗು ಹೊದ್ದಂತೆ ತೋರಿಸಿ ಕೇಳಿದಳು: ಅತ್ತೆಯಾ?

ಏಣಿ ಇಲ್ಲ ಎಂದು ತಲೆ ಆಡಿಸಿದಳು. ದೊಡ್ಡಕ್ಕ ಮತ್ತೆ ಬೆರಳು ಇಳಿಸಿ, ಎದೆ ತಟ್ಟಿ, ಮನೆಯ ಕಡೆ ಕೈ ತೋರಿಸಿದಳು: ಮನೆಯಲ್ಲಿ ಏನಾಯಿತು, ನನಗೆ ಹೇಳು. ಏಣಿ ಚಾದರದ ಹಿಂದೆ ಮುಖ ಮರೆಸಿಕೊಂಡಳು.

ಆ ದಿನವೂ ಸೂರ್ಯ ಸರಿಯಾದ ಹೊತ್ತಿಗೇ ಹುಟ್ಟಿದ್ದ, ಅದನ್ನು ನಾನು ಒಪ್ಪಿಕೊಳ್ಳಬೇಕು.

ಆಮೇಲೆ ನಡೆದದ್ದನ್ನು ಕೇಳಿ. ಡ್ರಮ್ಮಿನವನು ತನ್ನ ಪಾಲಿನ ಬಿಸ್ಕತ್ತು ತಂದು ಏಣಿಯ ಮುಂದೆ ಇಟ್ಟ. ಟವೆಲು ಎಣಿಸುವ ಮುದುಕಿ ಬಂದು ಅವಳ ಬೆನ್ನು ಸವರಿ, ಎಲ್ಲ ಗಂಡಸರೂ ಹಾಗೇ ಎಂದು ಸನ್ನೆ ಮಾಡಿದಳು. ರೋಲರಿನ ಹೆಂಗಸು ತನ್ನ ಅತ್ತೆಯ ಕಥೆ ಶುರು ಮಾಡಿದಳು. ಸಂಜೆಯೊಳಗೆ ಏಣಿಯ ಗಂಡ ಕುಡುಕನಾಗಿದ್ದ, ಅತ್ತೆ ರಾಕ್ಷಸಿಯಾಗಿದ್ದಳು, ಮಗ ಪರೀಕ್ಷೆಯಲ್ಲಿ ಬಿದ್ದಿದ್ದ. ಪಾಪ, ಆ ಮಗ ಇನ್ನೂ ಅಂಗನವಾಡಿಯಲ್ಲಿದ್ದ. ಬಾಗಿಲು ಮುಚ್ಚುವ ಹೊತ್ತಿಗೆ ಏಣಿ ದೊಡ್ಡಕ್ಕನ ಹತ್ತಿರ ಬಂದು, ಶನಿವಾರದ ತನಕ ಬರ್ತೀನಿ, ಆಮೇಲೆ ಬರಲ್ಲ ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಬಾಗಿಲು ದಾಟಿದ್ದಳು.

ದೊಡ್ಡಕ್ಕನ ಕಾಲ ಕೆಳಗಿನ ಕ್ರೇಟೇ ಜಾರಿದಂತಾಯಿತು. ಅವಳ ಕೈಕೆಳಗಿಂದ ಮದುವೆಯಾಗಿ ಹೋದವರಿದ್ದರು, ವಯಸ್ಸಾಗಿ ಹೋದವರಿದ್ದರು. ಮನಸ್ಸು ಮುರಿದುಕೊಂಡು ಹೋದವರು ಒಬ್ಬರೂ ಇರಲಿಲ್ಲ. ಅದೇ ಅವಳ ಹೆಮ್ಮೆ, ಅದೇ ಅವಳ ಆಸ್ತಿ. ಈಗ ಹೋಗುತ್ತೇನೆ ಎನ್ನುತ್ತಿರುವವಳು ದೊಡ್ಡಕ್ಕನೇ ಕೈಹಿಡಿದು ಬೆಳೆಸಿದ ಏಣಿ. ಶನಿವಾರ ಬರುವುದಕ್ಕೆ ಇನ್ನು ಎಷ್ಟು ಹೊತ್ತು.

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ, ಕೂತಲ್ಲಿ ಕೂರಲು ಆಗಲಿಲ್ಲ. ಕ್ರೇಟು ಹತ್ತುವಳು, ಇಳಿಯುವಳು, ರೋಲರಿನ ತನಕ ಹೋಗಿ ಏನೂ ಮಾಡದೆ ತಿರುಗಿ ಬರುವಳು. ಮಡಚಿಟ್ಟ ಟವೆಲುಗಳನ್ನು ಬಿಚ್ಚಿ ಮತ್ತೆ ಮಡಚುವಳು. ಅವಳು ಆ ವಾರ ಶೆಡ್ಡಿನೊಳಗೆ ನಡೆದ ದೂರವನ್ನು ನೇರ ಮಾಡಿ ಹಾಸಿದ್ದರೆ ಸಮುದ್ರ ಸಿಕ್ಕಿ, ಅವಳು ಅದನ್ನೂ ದಾಟಿ ಆಚೆ ದಡದಲ್ಲಿ ಚಹಾ ಕುಡಿಯುತ್ತಿದ್ದಳು. ನಾನು ಗಂಟು ಇಳಿಸುತ್ತಿದ್ದರೆ ವ್ಯಾನಿನ ಹತ್ತಿರ ಬಂದು, ಮಾಮ, ನಿಮಗೇನಾದ್ರೂ ಗೊತ್ತಾ ಎಂದು ಕೇಳುವಳು. ಗೊತ್ತಿಲ್ಲ ಎಂದರೆ ನನ್ನ ಚಪ್ಪಲಿ ನೋಡುವಳು.

ಅವಳ ತೀರ್ಮಾನ ಒಂದೇ: ಏಣಿಗೂ ಕುಳ್ಳಿಗೂ ಜಗಳವಾಗಿದೆ. ಔಷಧಿ ಗೊತ್ತಿದ್ದದ್ದೇ. ಹೋಟೆಲಿನ ಅತಿ ದೊಡ್ಡ ಚಾದರಗಳನ್ನೆಲ್ಲ ಆ ಇಬ್ಬರಿಗೇ ಕೊಟ್ಟಳು. ಮಂಗಳವಾರ ಅವರು ಸುಮ್ಮನೆ ಮಡಚಿದರು. ಬುಧವಾರವೂ ಸುಮ್ಮನೆ. ಜಗ್ಗಾಟವಿಲ್ಲ, ನಗುವಿಲ್ಲ. ಚಾದರಗಳು ಹಾಳೆ ಕತ್ತರಿಸಿದ ಹಾಗೆ ನೇರವಾಗಿ ಮಡಚಿ ಬೀಳುತ್ತಿದ್ದವು, ಅದನ್ನು ನೋಡಿದರೇ ಅವಳಿಗೆ ಮೈ ಉರಿಯುತ್ತಿತ್ತು. ಜಗಳವಾಡುವವರು ಇಷ್ಟು ಚೆನ್ನಾಗಿ ಮಡಚುವುದು ಎಂದರೇನು.

ಗುರುವಾರ ಅವಳು ಕುಳ್ಳಿಯನ್ನು ಹೊರಗೆ ಕರೆದು ಗದರಿಸಿದಳು. ಏನಂದೆ ಅವಳಿಗೆ, ನಿನ್ನ ಬಾಯಿ ನನಗೆ ಗೊತ್ತಿಲ್ಲವಾ ಎಂದಳು.

ಕುಳ್ಳಿಗೆ ಸಿಟ್ಟು ನೆತ್ತಿಗೇರಿತು. ಅವಳ ನೆತ್ತಿಗೆ ಏರಲು ಬಹಳ ದೂರವಿಲ್ಲ, ಬೇಗ ಏರುತ್ತದೆ. "ನಾನು ಏನೂ ಅಂದಿಲ್ಲ ಅಕ್ಕಾ. ನನ್ನ ತೋಳು ಬಿದ್ದು ಹೋಗ್ತಿವೆ. ನಮ್ಮಿಬ್ಬರ ಮಧ್ಯೆ ಜಗಳ ಇಲ್ಲ, ಬೇಕು ಅಂತಿದ್ರೆ ಹೇಳಿ, ಈಗಲೇ ಶುರು ಮಾಡ್ತೀವಿ" ಎಂದಳು.

ಹಾಗಾದರೆ ಏಣಿ ಯಾಕೆ ಹೋಗುತ್ತಿದ್ದಾಳೆ ಎಂದು ದೊಡ್ಡಕ್ಕ ಕೇಳಿದಳು. ಕುಳ್ಳಿ ನೆಲ ನೋಡಿದಳು, ತಗಡು ನೋಡಿದಳು, ಅವಳನ್ನೇ ಕೇಳಿ ಎಂದು ಒಳಗೆ ಓಡಿದಳು. ಅವಳ ಜನ್ಮದಲ್ಲಿ ಅವಳು ಗೊತ್ತಿದ್ದೂ ಬಾಯಿ ಬಿಡದ ಸಂದರ್ಭ ಅದೊಂದೇ. ದೊಡ್ಡಕ್ಕನಿಗೆ ಅದು ಇನ್ನೂ ಹೆದರಿಕೆ ತಂದಿತು.

ಮನೆಗೆ ಹೋದರೂ ಅದೇ ಕಥೆ. ಅವಳ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಎಂಜಿನ್ನುಗಳ ಹೊಟ್ಟೆಯೊಳಗೆ ತಲೆ ತೂರಿಸಿ ಬಂದು, ಸಂಜೆ ಕಿಟಕಿಯ ಪಕ್ಕ ಪತ್ರಿಕೆ ಹಿಡಿದು ಕೂರುವ ಮನುಷ್ಯ. ಆ ಗುರುವಾರ ಸಂಜೆ ಅವಳು ಕುರ್ಚಿಗಳನ್ನು ಅತ್ತಿಂದಿತ್ತ ಸರಿಸಿದಳು, ಒರೆಸಿದ ಒಲೆಯನ್ನೇ ಒರೆಸಿದಳು, ಪರದೆ ಬಿಚ್ಚಿ ನೀರಿಗೆ ಹಾಕಿದಳು. ಆಮೇಲೆ ಯಜಮಾನರ ಮುಂದೆ ನಿಂತು, ರೀ, ಯಾಕೆ ಸುಮ್ಮನಿದ್ದೀರಿ, ಏನಾಗಿದೆ ಎಂದು ಕೇಳಿದಳು. ಏನೂ ಇಲ್ಲ ಎಂದರು. ಏನೋ ಇದೆ ಎಂದಳು. ಇಲ್ಲ ಎಂದರು. ಡಿಪೋದಲ್ಲಿ ಯಾರಾದರೂ ಏನಾದರೂ ಅಂದರಾ, ಅಮ್ಮ ಫೋನ್ ಮಾಡಿದ್ದರಾ, ನನ್ನ ಮೇಲೆ ಬೇಜಾರಾ ಎಂದು ಒಂದೊಂದೇ ಕೇಳುತ್ತ ಬಂದಳು. ಕಡೆಗೆ ಅವರು ಪತ್ರಿಕೆ ಮಡಚಿಟ್ಟು, ಹೊಟ್ಟೆನೋವು ಎಂದರು.

ಅವಳ ಮುಖ ಅರಳಿತು. ಬಿಸಿನೀರು ತಂದಳು, ಕಷಾಯ ಕುದಿಸಿದಳು, ಹೊಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಯಜಮಾನರು ಕಷಾಯವನ್ನು ಮುಖ ಕಿವುಚಿ ಕುಡಿದರು. ಲೋಟ ಕೆಳಗಿಟ್ಟು, ಈಗ ನಿನಗೆ ಹೇಗಿದೆ ಎಂದು ಕೇಳಿದರು.

ನನಗೇನಾಗಿದೆ, ನೋವು ನಿಮಗಲ್ಲವಾ ಎಂದಳು.

"ನನಗೆ ಯಾವ ನೋವೂ ಇಲ್ಲ ಮಾರಾಯ್ತಿ. ಪೇಪರ್ ಓದ್ತಿದ್ದೆ. ನಿನ್ನ ಕೈಗೆ ಏನಾದ್ರೂ ಒಂದು ಸಿಗೋ ತನಕ ನೀನು ಬಿಡಲ್ಲ, ಅದಕ್ಕೇ ಕೊಟ್ಟೆ. ಹೋದ ವಾರದ ತಲೆನೋವೂ ಅಂಥದ್ದೇ."

ಅವಳು ಎಣ್ಣೆ ಬಟ್ಟಲು ಹಿಡಿದು ನಿಂತೇ ಇದ್ದಳು. ಯಜಮಾನರು ಹಾಸ್ಯ ಮಾಡಿದ ಖುಷಿಯಲ್ಲಿ ಪತ್ರಿಕೆ ತೆಗೆದರು. ಅವಳಿಗೆ ನಗು ಬರಲಿಲ್ಲ. ತಾನು ವಾಸಿ ಮಾಡಿದ ತಲೆನೋವುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ನಕ್ಕವರೆಲ್ಲ ನಿಜಕ್ಕೂ ನಕ್ಕಿದ್ದರಾ, ಅಥವಾ ಜೋಡಿ ಬದಲಾಯಿಸಿ ಕೊಡಲಿ ಎಂದು ನಕ್ಕಿದ್ದರಾ? ಡ್ರಮ್ಮಿನವನು? ಮುದುಕಿ? ಅವಳು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡಳು. ಯಾರ ನಗುವಿನ ಮೇಲೂ ಭರವಸೆ ಮೂಡಲಿಲ್ಲ. ಇದನ್ನೆಲ್ಲ ಅವಳೇ ಮುಂದೆ ನನಗೆ ಹೇಳಿದ್ದು.

ಶುಕ್ರವಾರ ಯಂತ್ರಗಳು ನಿಂತ ಊಟದ ಹೊತ್ತಿನಲ್ಲಿ ಅವಳು ಏಣಿಯ ಹಿಂದೆಯೇ ಟ್ಯಾಂಕಿನ ಹತ್ತಿರ ಹೋದಳು. ನಾನು ವ್ಯಾನಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದೆ. ಅಲ್ಲಿಂದ ಸರಿಯಬಹುದಿತ್ತು. ಆದರೆ ಆ ಚಕ್ರಕ್ಕೆ ಆ ಹೊತ್ತು ತುಂಬಾ ಗಾಳಿ ಬೇಕಾಗಿತ್ತು.

ದೊಡ್ಡಕ್ಕ ಏನಾಗಿದೆ ಎಂದು ಕೇಳಲಿಲ್ಲ. ನಾಲಿಗೆ ತುದಿಯ ತನಕ ಬಂದದ್ದನ್ನು ನುಂಗಿದ್ದು ದೂರಕ್ಕೂ ಕಾಣಿಸಿತು. ನಾನು ಏನು ತಪ್ಪು ಮಾಡಿದೆ, ಅದಷ್ಟು ಹೇಳು ಎಂದಳು.

ಏಣಿ ಬಹಳ ಹೊತ್ತು ಕೈ ತೊಳೆದಳು. ಆಮೇಲೆ ನಲ್ಲಿ ನಿಲ್ಲಿಸಿದಳು.

"ನೀವು ಕೈಯಲ್ಲಿ ಕೇಳಿದ್ರಿ ಅಕ್ಕಾ. ಇಡೀ ಶೆಡ್ಡು ನೋಡ್ತು. ನಾನು ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಅತ್ತು ಬಂದಿದ್ದೆ. ಇಲ್ಲಿಗೆ ಬಂದ್ರೆ ಬಿಸ್ಕತ್ತು ಕೊಡ್ತಾರೆ."

ನಿನಗೆ ಒಳ್ಳೆಯದಾಗಲಿ ಅಂತ ಕೇಳಿದ್ದು ಎಂದು ದೊಡ್ಡಕ್ಕ ಮೆಲ್ಲಗೆ ಹೇಳಿದಳು.

"ಗೊತ್ತು. ಅದಕ್ಕೇ ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗ್ಲಿಲ್ಲ. ಸಿಟ್ಟು ಬಂದ್ರೆ ಎದುರಿಗೆ ಕುಳ್ಳಿನ ನಿಲ್ಲಿಸ್ತೀರಿ, ಅವಳ ಮೂತಿ ನೋಡಿದ್ರೆ ನಗು ಬರುತ್ತೆ. ನನಗೆ ಒಂದಷ್ಟು ದಿನ ನಗು ಬೇಡ ಅಕ್ಕಾ. ಅದೂ ನನ್ನದೇ ಅಲ್ವಾ?"

ದೊಡ್ಡಕ್ಕನ ಕೈ ಎದ್ದಿತು. ಅಭ್ಯಾಸ ನೋಡಿ, ಏನೋ ಸನ್ನೆ ಮಾಡಲು ಹೊರಟದ್ದು. ಅರ್ಧದಲ್ಲೇ ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು. ಇಷ್ಟು ವರ್ಷ ಕೈಯಲ್ಲಿ ಮಾತಾಡಿದವಳಿಗೆ ಒಂದು ಸಣ್ಣ ವಿಷಯ ಹೊಳೆದೇ ಇರಲಿಲ್ಲ. ಬಾಯಿಗೆ ಪಿಸುಮಾತು ಗೊತ್ತು, ಕೈಗೆ ಗೊತ್ತಿಲ್ಲ. ಕ್ರೇಟಿನ ಮೇಲೆ ನಿಂತು ಎತ್ತಿದ ಕೈ ಎಷ್ಟು ಮೃದುವಾಗಿದ್ದರೂ ಅದು ಡಂಗುರವೇ.

ನಿನಗೆ ಏನು ಬೇಕು ಎಂದಳು. ಏಣಿ ದಿಂಬಿನ ಮೇಜು ಎಂದಳು.

ಇಲ್ಲಿ ದಿಂಬಿನ ಮೇಜಿನ ಬಗ್ಗೆ ಹೇಳಬೇಕು. ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿದ ಚಿಕ್ಕ ಮೇಜು. ದಿಂಬಿನ ಕವರು ಮಡಚಲು ಒಬ್ಬರೇ ಸಾಕು, ಜೋಡಿ ಬೇಡ. ಒಂಟಿ ನಿಂತವರು ಒಳಗೊಳಗೇ ಕೊರಗುತ್ತಾರೆ ಎಂದು ದೊಡ್ಡಕ್ಕ ಅಲ್ಲಿ ಯಾರನ್ನೂ ಖಾಯಂ ನಿಲ್ಲಿಸುತ್ತಿರಲಿಲ್ಲ. ಎಲ್ಲರಿಂದಲೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಮಾಡಿಸುತ್ತಿದ್ದಳು. ಏಣಿಯಂಥವಳನ್ನು ಅಲ್ಲಿಗೆ ಹಾಕುವುದೆಂದರೆ ಕ್ರೇನ್ ತಂದು ಲೋಟ ಎತ್ತಿಸಿದ ಹಾಗೆ. ಮೇಲಾಗಿ ಅದು ಹೋಟೆಲುಗಳು ತುಂಬಿ ತುಳುಕುವ ಕಾಲ. ದೊಡ್ಡ ಚಾದರಗಳು ಗುಡ್ಡೆ ಬಿದ್ದಿದ್ದವು. ಮಾಲೀಕರು ಮೀಸೆ ತಿರುವಿಕೊಂಡು ಬರುತ್ತಾರೆ. ದೊಡ್ಡಕ್ಕ ಇಷ್ಟು ವರ್ಷ ಹೇಳಿಕೊಂಡು ಬಂದ ಪಾಠವೂ ಬುಡಮೇಲಾಗುತ್ತದೆ.

ಎಷ್ಟು ದಿನ ಎಂದು ಕೇಳಲು ಅವಳ ನಾಲಿಗೆ ತುರಿಸಿತು. ಕೇಳಲಿಲ್ಲ. ಸೋಮವಾರದಿಂದ ನಿಂತ್ಕೋ ಎಂದಳು. ಏಣಿ, ನೋಡ್ತೀನಿ ಎಂದಳು. ಬರುತ್ತೇನೆ ಎನ್ನಲಿಲ್ಲ.

ಶನಿವಾರ ಏಣಿ ಕೆಲಸ ಮುಗಿಸಿ ಚೀಲ ಹೆಗಲಿಗೇರಿಸಿ ಹೋದಳು. ಭಾನುವಾರ ದೊಡ್ಡಕ್ಕನ ಮನೆಯಲ್ಲಿ ಒಗೆಯದ ಪರದೆ ಒಂದೂ ಉಳಿಯಲಿಲ್ಲ, ಪಕ್ಕದ ಮನೆಯವರದ್ದನ್ನೂ ಕೇಳಿ ತಂದು ಒಗೆದಳು. ಯಜಮಾನರು ಮುನ್ನೆಚ್ಚರಿಕೆಯಾಗಿ ಬೆಳಿಗ್ಗೆಯೇ ಹೊಟ್ಟೆನೋವು ಎಂದರು, ಅವಳು ತಿರುಗಿಯೂ ನೋಡಲಿಲ್ಲ. ಆಗ ಅವರಿಗೆ ನಿಜಕ್ಕೂ ಗಾಬರಿಯಾಯಿತು.

ಸೋಮವಾರ ಏಣಿ ಬಂದಳು. ಯಾರನ್ನೂ ನೋಡದೆ ನೇರ ದಿಂಬಿನ ಮೇಜಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಳು.

ಏಣಿಯನ್ನು ಉಳಿಸಿಕೊಂಡದ್ದಾಯಿತು, ಇನ್ನೇನು ಎಂದು ನೀವು ಅಂದುಕೊಳ್ಳುವುದು ಬೇಡ. ಕಷ್ಟ ಅಲ್ಲಿಂದಲೇ ಶುರು. ದೊಡ್ಡಕ್ಕ ಅವಳ ಬೆನ್ನನ್ನು ನೋಡಬಾರದಿತ್ತು. ಬೆನ್ನು ನೋಡಿದರೆ ಓದಿಬಿಡುತ್ತಾಳೆ, ಓದಿದರೆ ಕೈ ಏಳುತ್ತದೆ. ಆದ್ದರಿಂದ ಅವಳು ಕ್ರೇಟನ್ನೇ ಇನ್ನೊಂದು ಮೂಲೆಗೆ ಎಳೆಸಿ, ಆ ಕಡೆಗೆ ಬೆನ್ನು ಹಾಕಿ ನಿಂತಳು. ಕತ್ತು ತಾನಾಗಿ ತಿರುಗುವುದು, ಅವಳು ಹಿಂದಕ್ಕೆ ಎಳೆದುಕೊಳ್ಳುವಳು, ಮತ್ತೆ ತಿರುಗುವುದು. ಮೇಜಿನ ಫ್ಯಾನಿನಂತೆ ಆಡಿ ಆಡಿ ಆ ಕತ್ತಿನಿಂದ ಗಾಳಿ ಬರುತ್ತಿತ್ತು, ರೋಲರಿನ ಹೆಂಗಸರು ಅದರ ಮುಂದೆ ನಿಂತು ಬೆವರು ಆರಿಸಿಕೊಂಡರು.

ಮಾಲೀಕರು ಬಂದು ಏಣಿ ಯಾಕೆ ಅಲ್ಲಿ ಎಂದು ಕೇಳಿದರು. ಅಲ್ಲಿ ಬೇಕಾಗಿದ್ದಾಳೆ ಎಂದಳು. ಅವರು ಕಾರಣ ಕೇಳಿದರು. ಕಾರಣ ನನ್ನ ಹತ್ತಿರವೂ ಇಲ್ಲ ಎಂದಳು. ಹೊಗಳಿದವರ ಮುಂದೆ ಗೊತ್ತಿಲ್ಲ ಎಂದು ನಿಲ್ಲುವುದು ಸುಲಭವಲ್ಲ. ಅವಳ ಕಿವಿ ಕೆಂಪಾಯಿತು. ದೊಡ್ಡ ಚಾದರಗಳಿಗೆ ಕುಳ್ಳಿಯ ಎದುರು ಆ ಇಡೀ ಕಾಲ ತಾನೇ ನಿಂತು ಮಡಚಿದಳು. ಕುಳ್ಳಿ ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ. ದೊಡ್ಡಕ್ಕ ಅಷ್ಟನ್ನೂ ಕೇಳಿಸಿಕೊಂಡಳು, ಪಾಪ, ಯಂತ್ರಗಳ ಸದ್ದಿನ ಮೇಲೂ ಕೇಳಿಸುವ ಬಾಯಿ ಅದು.

ಉಳಿದವರ ವಿಷಯದಲ್ಲೂ ಅವಳು ಬದಲಾದಳು, ಪೂರ್ತಿಯಾಗಿ ಅಲ್ಲ. ಯಾರದ್ದಾದರೂ ಮುಖ ಬಾಡಿದ್ದರೆ ಊಟದ ಹೊತ್ತಿನ ತನಕ ಕಾದು, ಪಕ್ಕದಲ್ಲಿ ಕೂತು, ಬಾಯಲ್ಲಿ, ಮೆತ್ತಗೆ ಒಮ್ಮೆ ಕೇಳುತ್ತಿದ್ದಳು. ಏನಿಲ್ಲ ಎಂದರೆ ಸರಿ ಎಂದು ಎದ್ದು ಬರುತ್ತಿದ್ದಳು. ಎದ್ದು ಬಂದ ಮೇಲೆ ನಾಲ್ಕು ಸುತ್ತು ನಡೆಯುತ್ತಿದ್ದಳು. ಒಮ್ಮೆ ಡ್ರಮ್ಮಿನವನು ಏನಿಲ್ಲ ಎಂದವನು, ಅವಳು ನಿಜಕ್ಕೂ ಎದ್ದು ಹೋದದ್ದು ನೋಡಿ ಕಂಗಾಲಾಗಿ ಹಿಂದೆಯೇ ಓಡಿ ಬಂದು ಎಲ್ಲ ಹೇಳಿಕೊಂಡನಂತೆ.

ಏಣಿ ದಿಂಬಿನ ಮೇಜಿನಲ್ಲೇ ಇದ್ದಳು. ಹೋಟೆಲುಗಳ ಗದ್ದಲ ಇಳಿದ ಮೇಲೆ ಒಂದು ದಿನ ತಾನಾಗಿ ಬಂದು ಕುಳ್ಳಿಯ ಎದುರಿನ ಚಾದರದ ತುದಿ ಹಿಡಿದಳು. ದೊಡ್ಡಕ್ಕ ಸುಮ್ಮನೆ ಸರಿದು ಜಾಗ ಬಿಟ್ಟಳು. ಅವತ್ತು ಸಂಜೆ ಮಡಚಿದ ಗಂಟುಗಳನ್ನು ವ್ಯಾನಿಗೆ ಏರಿಸುವಾಗ ದೊಡ್ಡಕ್ಕ ಹತ್ತಿರ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ, ಕಡೆಗೂ ಏಣಿಗೆ ಏನಾಗಿತ್ತಂತೆ ಎಂದು ಕೇಳಿಯೇಬಿಟ್ಟೆ.

ಗೊತ್ತಿಲ್ಲ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ ಎಂದಳು.

"ಅಯ್ಯೋ ತಾಯಿ, ಇಷ್ಟು ದಿನ ಗೊತ್ತಿಲ್ಲದೆ ನಿನಗೆ ನಿದ್ದೆ ಹೇಗೆ ಬಂತು?" ಎಂದೆ.

ಅವಳು ವ್ಯಾನಿನ ಬಾಗಿಲು ಎಳೆದು ಚಿಲಕ ಹಾಕಿದಳು.

"ಬರ್ಲಿಲ್ಲ ಮಾಮ. ಅದಕ್ಕೇ ನನಗೆ ಅವಳಿಗಿಂತ ಸಂಬಳ ಜಾಸ್ತಿ."